ಅಡುಗೆಮನೆಯಲ್ಲಿ ಗುಡುಗು, ಹಾಲ್‌ನಲ್ಲಿ ಮೋಡ

೧

ಈ ಕಥೆಯನ್ನು ಎಲ್ಲಿಂದ ಶುರುಮಾಡಲಿ? ‘ನಲವತ್ತು ಲಕ್ಷ ಪೋಸ್ಟುಗಳನ್ನು ಓದಿದ ಮೊದಲ ಹೆಂಗಸು ನಮ್ಮಕ್ಕ’ ಎಂದು ಬರೆದು ಹೊಡೆದುಹಾಕಿದೆ. ಅವಳು ಒಂದನ್ನೂ ಓದಿರಲಿಲ್ಲ, ಓದಿದ್ದು ಯಂತ್ರ. ‘ಅದೊಂದು ಸುಂದರ ಬೆಳಗು’ ಎಂದು ಬರೆದು ಅದನ್ನೂ ಹರಿದೆ. ಆ ಮನೆಯಲ್ಲಿ ಅಂಥ ಬೆಳಗಾಗುತ್ತಿರಲಿಲ್ಲ. ಹೋಗಲಿ, ನೇರವಾಗಿ ಹೇಳಿಬಿಡುತ್ತೇನೆ.

ನಮ್ಮಕ್ಕ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್. ಕಾಲೇಜು ಹುಡುಗ ಹುಡುಗಿಯರು ಸೋಷಿಯಲ್ ಮೀಡಿಯಾದಲ್ಲಿ ಬರೆದದ್ದನ್ನೆಲ್ಲ ಬಾಚಿ ತಂದು, ಹೆಸರು ಕಿತ್ತು, ನಂಬರ್ ಅಂಟಿಸಿ, ಯಂತ್ರದ ಬಾಯಿಗೆ ಸುರಿಯುವುದೇ ಮೂರು ವರ್ಷ ಅವಳ ಕೆಲಸ. ಯಂತ್ರ ಅದನ್ನು ಜಗಿದು ‘ಉಲ್ಲಾಸ’, ‘ಒಂಟಿತನ’, ‘ಪರಿಸರ ಕಾಳಜಿ’ ಎಂದು ಬೇರೆ ಬೇರೆ ಡಬ್ಬಿಗಳಿಗೆ ಉಗುಳುತ್ತಿತ್ತು. ಇದಕ್ಕೆ ಬಿಗ್ ಡೇಟಾ ಎನ್ನುತ್ತಾರೆ. ವರದಿಯ ಭಾಷೆ ತಿದ್ದಿಕೊಡಲು ಅಕ್ಕ ನನ್ನನ್ನು ಕರೆದಳು. (ಕಥೆಗಾರ ಎಲ್ಲಾದರೂ ಕೆಲಸ ಬೇಡ ಅಂತಾನಾ?)

೨

ಅಕ್ಕನ ಮಗಳಿಗೆ ಹತ್ತೊಂಬತ್ತು. ಒಂದು ಭಾನುವಾರ ಮಧ್ಯಾಹ್ನ ಊಟದ ಮೇಜಿನ ಮೇಲೇ ಲ್ಯಾಪ್‌ಟಾಪ್ ತೆರೆದಿಟ್ಟುಕೊಂಡು ಅಕ್ಕ ಹೇಳಿದಳು: “ಈ ವಯಸ್ಸಿನವರ ತಲೇಲಿ ಏನಿದೆ ಅಂತ ಅವರನ್ನ ಒಂದು ಮಾತೂ ಕೇಳದೆ ಹೇಳ್ಬಲ್ಲೆ ಕಣೋ.”

“ಕೇಳಿದ್ರೆ ನಾವೇ ಹೇಳ್ತಿದ್ವಲ್ಲ” ಎಂದಳು ಮಗಳು, ತಟ್ಟೆಯಿಂದ ತಲೆ ಎತ್ತದೆ.

“ಕೇಳಿದ್ರೆ ಸುಳ್ಳು ಹೇಳ್ತೀರಿ. ಸ್ಯಾಂಪಲ್ ಕೆಡುತ್ತೆ.”

ಭಾವ ಎದ್ದು ಕೈ ತೊಳೆಯಲು ಹೋದರು. ಅಕ್ಕನಿಗೂ ಅವರಿಗೂ ಮಾತು ನಿಂತು ಎಂಟು ತಿಂಗಳಾಗಿತ್ತು. ನಡುವೆ ಯಾವಾಗಲಾದರೂ ಬಾಯಿ ತೆರೆದರೆ ಅದು ಜಗಳಕ್ಕೇ.

(ಇಲ್ಲಿ ಭಾವ ರೇಗುತ್ತಾರೆ: “ನನ್ನನ್ನ ಯಾಕಪ್ಪ ಮಧ್ಯಕ್ಕೆ ಎಳೀತೀಯ?” ಎಳೆಯದಿದ್ದರೆ ಕಥೆ ಮುಂದೆ ಹೋಗುವುದಿಲ್ಲ ಭಾವ, ಸ್ವಲ್ಪ ಸುಮ್ಮನಿರಿ.)

೩

ವರದಿಯ ಮಹಾಶೋಧ ಇದು: ಯುವಜನರಲ್ಲಿ ಹವಾಮಾನ ಪ್ರಜ್ಞೆ ಒಂದೇ ವರ್ಷದಲ್ಲಿ ಮೂರು ಪಟ್ಟು ಹೆಚ್ಚಿದೆ! ಸಾವಿರಾರು ಪೋಸ್ಟುಗಳಲ್ಲಿ ಮೋಡ, ಗುಡುಗು, ಬಿರುಗಾಳಿ. ಇದನ್ನು ಶುರುಮಾಡಿದ್ದು ೭೩೧೬ ಎಂಬ ನಂಬರು. ಅದು ದಿನಕ್ಕೊಂದರಂತೆ ಹವಾಮಾನ ವರದಿ ಬರೆಯುತ್ತಿತ್ತು, ಉಳಿದವರು ಅದನ್ನೇ ಅನುಕರಿಸಿದರು. ಯಂತ್ರ ಅದಕ್ಕೆ ಕಟ್ಟಿದ ಪಟ್ಟ: ‘ಪರಿಸರ ನಾಯಕ. ಮನಸ್ಥಿತಿ ಸ್ಥಿರ.’

ನಾನು ಸುಮ್ಮನಿರಲಾರದೆ ಒಂದು ವಾಕ್ಯ ಸೇರಿಸಿದೆ: ‘ನಮ್ಮ ಮಕ್ಕಳು ಆಕಾಶದತ್ತ ನೋಡುತ್ತಿದ್ದಾರೆ.’ (ಎಷ್ಟು ಚೆಂದ, ಅಲ್ಲವೇ? ಥೂ.)

೪

ವರದಿ ಬಿಡುಗಡೆಯ ದಿನ ಸಭಾಂಗಣದ ತುಂಬ ವಿದ್ಯಾರ್ಥಿಗಳು. (ಹಾಜರಾತಿ ಕಡ್ಡಾಯವಾಗಿತ್ತು, ಅಕ್ಕನ ಮಗಳಿಗೂ.) ಸಹಾಯಕರು ತಯಾರಿಸಿಕೊಟ್ಟಿದ್ದ ಸ್ಲೈಡ್ ಹಾಕಿ, ಅಕ್ಕ ೭೩೧೬ರ ಪೋಸ್ಟುಗಳನ್ನು ಗಟ್ಟಿಯಾಗಿ ಓದತೊಡಗಿದಳು.

‘ಅಡುಗೆಮನೆಯಲ್ಲಿ ಗುಡುಗು, ಹಾಲ್‌ನಲ್ಲಿ ಮೋಡ. ಮಕ್ಕಳು ರೂಮಿನಿಂದ ಹೊರಬರದಿರುವುದು ಒಳಿತು.’

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು.

‘ಐದನೇ ತಿಂಗಳೂ ಒಣಹವೆ. ಮಾತಿನ ಒಂದು ಹನಿಯೂ ಬೀಳುವ ಸೂಚನೆಯಿಲ್ಲ.’

ಈಗ ಇಡೀ ಸಭಾಂಗಣ ನಗುತ್ತಿತ್ತು. ಅವು ಮನೆಮನೆಯ ಜಗಳದ ವರದಿಗಳೆಂದು ಕೆಳಗೆ ಕೂತ ನಾನೂರು ಮಂದಿಗೂ ಗೊತ್ತಿತ್ತು. ಗೊತ್ತಿಲ್ಲದವರೆಲ್ಲ ವೇದಿಕೆಯ ಮೇಲಿದ್ದರು.

‘ಬಿರುಗಾಳಿಗೆ ಸಿಕ್ಕಿ ನೀಲಿ ಹೂಜಿ’ ಎಂಬಲ್ಲಿಗೆ ಬಂದ ಅಕ್ಕನ ದನಿ ನಿಂತಿತು. ‘ಚೂರುಚೂರು. ಸಾವುನೋವಿಲ್ಲ’ ಎಂಬುದು ಪರದೆಯ ಮೇಲೆ ಹಾಗೇ ಉಳಿಯಿತು. ಆ ಹೂಜಿಯನ್ನು ಗೋಡೆಗೆ ಬಡಿದವಳು ಅವಳೇ.

ಮುಖ್ಯ ಅತಿಥಿಗಳು ಎದ್ದು, ಎಲ್ಲರೂ ಗಿಡ ನೆಡಬೇಕೆಂದು ಕರೆ ಕೊಟ್ಟರು.

೫

ಹೊರಗೆ ಕಾರಿಡಾರಿನಲ್ಲಿ ಅಕ್ಕ ಮಗಳ ತೋಳು ಹಿಡಿದಳು. “ಏನೇ ಇದು? ನನ್ನ ಮಾನ ಕಳೆದ್ಯಲ್ಲೇ!”

“ಅಷ್ಟು ದೊಡ್ಡ ಪರದೆ ಮೇಲೆ ಹಾಕಿದ್ದು ನೀನಮ್ಮ.”

“ಬೇಜಾರಿದ್ರೆ ನನಗೆ ಹೇಳೋಕೆ ಏನಾಗಿತ್ತು?”

“ಒಂದು ವರ್ಷದಿಂದ ದಿನಾ ಹೇಳಿದೀನಿ. ಎಲ್ಲಾನೂ ಜೋಪಾನವಾಗಿ ಎತ್ತಿಟ್ಕೊಂಡಿದ್ಯಲ್ಲ, ತೆಗೆದು ನೋಡು.”

ಮುಂದಿನ ವಾರ ಅವಳು ಹಾಸ್ಟೆಲ್ ಸೇರಿದಳು.

೬

ಮುಕ್ತಾಯ ಒಂದು: ಪಶ್ಚಾತ್ತಾಪದಿಂದ ಅಕ್ಕ ವರದಿಯನ್ನು ಹಿಂತೆಗೆದುಕೊಂಡಳು.

(ಅಕ್ಕನ ಫೋನ್: “ನಾನೆಲ್ಲಿ ಹಿಂತೆಗೆದೆನೋ?” ನಿಜ, ತೆಗೆಯಲಿಲ್ಲ. ಒಂದು ಅಡಿಟಿಪ್ಪಣಿ ಹಾಕಿಸಿದಳು: ‘ಕೆಲವು ಪೋಸ್ಟುಗಳು ರೂಪಕಗಳಾಗಿರುವ ಸಾಧ್ಯತೆಯಿದೆ.’ ಅದನ್ನು ಬರೆದುಕೊಟ್ಟವನು ನಾನೇ. ವ್ಯಾಕರಣ ಶುದ್ಧವಾಗಿದೆ.)

ಮುಕ್ತಾಯ ಎರಡು: ಅಕ್ಕನೂ ಭಾವನೂ ಒಂದಾದರು.

(ಭಾವ: “ಸಿನಿಮಾ ತೆಗೀತಿದ್ದೀಯಾ?”)

ಮುಕ್ತಾಯ ಮೂರನ್ನು ಅಕ್ಕನ ಮಗಳಿಗೇ ಓದಿ ಹೇಳಿದೆ. ಅದರಲ್ಲಿ ಅವಳು ಬಿಕ್ಕಿ ಬಿಕ್ಕಿ ಅಳುತ್ತಿದ್ದಳು.

“ಮಾಮ, ನಾನು ಯಾವಾಗ ಅತ್ತೆ?”

“ಓದುಗರಿಗೆ ಹಿಡಿಸುತ್ತೆ ಅಂತ...”

“ಅಮ್ಮ ನನ್ನನ್ನ ನಂಬರ್ ಮಾಡಿದ್ಲು. ನೀನು ಅಳುಬುರುಕಿ ಮಾಡ್ತಿದ್ದೀಯ. ಅವಳೇ ವಾಸಿ, ಮನಸ್ಥಿತಿ ಸ್ಥಿರ ಅಂತಾದ್ರೂ ಬರೆದಿದ್ಲು.”

ಮುಕ್ತಾಯ ಮೂರನ್ನೂ ಹರಿದೆ.

೭

ನಡೆದದ್ದಿಷ್ಟು. ಕಳೆದ ಗುರುವಾರ ಅಕ್ಕ ರಜೆ ಹಾಕಿ, ಹಾಸ್ಟೆಲಿಗೆ ಕರೆದುಕೊಂಡು ಹೋಗು ಎಂದಳು. ಸಂದರ್ಶಕರ ಕೋಣೆಯಲ್ಲಿ ಎರಡು ಪ್ಲಾಸ್ಟಿಕ್ ಕುರ್ಚಿ, ಒಂದು ಕುಂಟು ಮೇಜು. ತಾಯಿ ಮಗಳು ಎದುರುಬದುರು ಕೂತರು. ನಾನು ಗಾಜಿನ ಬಾಗಿಲಾಚೆ ನಿಂತೆ.

ಮೊದಲು ಅಕ್ಕ ಏನೋ ಕೇಳಿದಳು, ಚಿಕ್ಕದಾಗಿ. ಮಗಳು ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡಳು. ಆಮೇಲೆ ಹೇಳತೊಡಗಿದಳು. ಒಮ್ಮೆ ಮೇಜು ಗುದ್ದಿದಳು, ಒಮ್ಮೆ ನಕ್ಕಂತಿತ್ತು. ಇಪ್ಪತ್ತು ನಿಮಿಷ ಅಕ್ಕ ಬಾಯಿ ತೆರೆಯಲಿಲ್ಲ. ನಮ್ಮಕ್ಕ!

ಒಂದು ಮಾತೂ ನನಗೆ ಕೇಳಿಸಲಿಲ್ಲ. ತುಟಿ ಆಡುವುದನ್ನು ನೋಡಿಕೊಂಡೇ ಎರಡು ಪುಟ ಸಂಭಾಷಣೆ ಹೊಸೆಯಬಲ್ಲೆ, ಅದು ನನ್ನ ಕಸುಬು. ನೀವೂ ಅದಕ್ಕೇ ಕಾಯುತ್ತಿದ್ದೀರಿ, ಕತ್ತು ಚಾಚಿಕೊಂಡು.

ಅವಳು ಹೇಳಿದ್ದು ನಿಮಗಲ್ಲ, ನನಗೂ ಅಲ್ಲ. ನಾನು ಬಾಗಿಲಿಗೆ ಬೆನ್ನು ಮಾಡಿ ನಿಂತೆ. ನೀವೂ ಸ್ವಲ್ಪ ಆಚೆ ತಿರುಗಿ.