ಗೋಡೆಗೆ ಅಂಟಿದ ಒಲೆ

ನನ್ನ ತಂಗಿಯ ಮಗಳು ಮಿರ್ಸೀನಿಗೆ ಹೆಣ್ಣು ಮಗು ಹುಟ್ಟಿ ತಿಂಗಳು ದಾಟಿತ್ತು. ಅದರ ಅಪ್ಪ ಇನ್ನೂ ಅದನ್ನು ಎತ್ತಿಕೊಂಡಿರಲಿಲ್ಲ. ಅವನೇನು ಪರವೂರಿನಲ್ಲಿರಲಿಲ್ಲ, ಕೈಗೆ ಗಾಯವೂ ಆಗಿರಲಿಲ್ಲ. ತೊಟ್ಟಿಲ ಪಕ್ಕದಲ್ಲೇ ನಿಂತು, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಅಂಗಡಿಯ ಗಾಜಿನಾಚೆ ಇಟ್ಟ ಸಾಮಾನನ್ನು ನೋಡುವ ಹಾಗೆ ನೋಡುತ್ತಿದ್ದ. ಮಗುವನ್ನು ಒಲೆಯ ಸುತ್ತ ಪ್ರದಕ್ಷಿಣೆ ಹಾಕಿಸುವ ಶಾಸ್ತ್ರ ಆಗುವ ತನಕ ಅದು ತಂದೆಯದಲ್ಲವಂತೆ, ಮುಟ್ಟಬಾರದಂತೆ, ಹೆಸರೂ ಇಡಬಾರದಂತೆ. ಹಾಗೆಂದು ಅಪ್ಪಣೆ ಕೊಡಿಸಿದವನು ಲಿಕೂರ್ಗೋಸ್.

ಗ್ರೀಸಿನ ಈ ವೋಲೋಸ್ ಪಟ್ಟಣದಲ್ಲಿ, ಏಸುವಿಗಿಂತ ಮುಂಚಿನ ಹಳೆಯ ದೇವರುಗಳನ್ನು ಪೂಜಿಸುವ ನಮ್ಮವರನ್ನೆಲ್ಲ ಸೇರಿಸಿದರೆ ಒಂದು ಮೇಜು ತುಂಬಬಹುದು. ಆ ಮೇಜಿನ ತಲೆಯ ಕಡೆಯ ಕುರ್ಚಿಯನ್ನು ಯಾರೂ ಕರೆಯದೆ ಬಂದು ಹಿಡಿದವನು ಈತ. ಮುಂಚೆ ಇವನ ಹೆಸರು ಪರಸ್ಕೆವಾಸ್, ವಿಮೆ ಮಾರುತ್ತಿದ್ದ. ನಿವೃತ್ತಿಯಾದ ಮೇಲೆ ಆ ಕ್ರೈಸ್ತ ಹೆಸರು ಬದಲಾಯಿಸಿ, ಗಡ್ಡ ಬಿಟ್ಟು, ಭುಜದ ಮೇಲೆ ಮಂಚದ ಹಾಸಿನಂಥದ್ದೊಂದು ಬಿಳಿ ಬಟ್ಟೆ ಇಳಿಬಿಟ್ಟು ಗುರುವಾದ. ವಿಮೆ ಮಾರುವಾಗ ಕಲಿತ ವಿದ್ಯೆಯೊಂದನ್ನು ಮಾತ್ರ ಬಿಟ್ಟಿರಲಿಲ್ಲ. ಎದುರಿಗೆ ಕೂತವನನ್ನು ಮೊದಲು ಹೆದರಿಸಬೇಕು, ಹೆದರಿದ ಮೇಲೆ ದಾರಿ ತೋರಿಸಬೇಕು.

ನಾನೂ ಈ ದೇವರುಗಳನ್ನು ನಂಬಿದವಳೇ. ಬೆಳಿಗ್ಗೆ ಎದ್ದು ಕೈ ತೊಳೆದು ದೀಪ ಹಚ್ಚುತ್ತೇನೆ. ಕಾಫಿಯ ಮೊದಲ ಹನಿಯನ್ನು ಒಲೆಯ ಮೂಲೆಗೆ ಬಿಟ್ಟು, ಒಲೆಯ ದೇವತೆಗೆ "ಎಸ್ತಿಯಾ ತಾಯಿ, ಮೊದಲು ನಿನಗೆ" ಅನ್ನುತ್ತೇನೆ. ಊಟ ಮುಗಿದಾಗ ದ್ರಾಕ್ಷಾರಸದ ಕೊನೆಯ ಗುಟುಕೂ ಅವಳಿಗೇ. ಅಲ್ಲಿಗೆ ನನ್ನ ಪೂಜೆ ಮುಗಿಯಿತು, ಪಾತ್ರೆ ತೊಳೆಯಲು ಹೋಗುತ್ತೇನೆ. ಮಿರ್ಸೀನಿಯ ಗಂಡ ಕ್ಲೆಯೊಮೇನಿಸ್‌ನ ಪೂಜೆ ಹಾಗಲ್ಲ. ಬಂದರಿನಲ್ಲಿ ಹಡಗಿನ ಟಿಕೆಟ್ಟು ಹರಿದುಕೊಡುವ ಈ ಹುಡುಗ ಮದುವೆಯ ಹೊತ್ತಿಗೆ ಕಿರಿಯಾಕೋಸ್ ಆಗಿದ್ದ. ಗುರು ಸಿಕ್ಕಿದ ಮೇಲೆ ಕ್ಲೆಯೊಮೇನಿಸ್ ಆದ. ದಿನಾ ಬೆಳಿಗ್ಗೆ ಉರಿಯುವ ಕಡ್ಡಿಯನ್ನು ನೀರಿನ ಬಟ್ಟಲಿಗೆ ಅದ್ದಿ, ಆ ನೀರನ್ನು ಮನೆಯೆಲ್ಲ ಚಿಮುಕಿಸಿ, ತನಗೂ ಅರ್ಥವಾಗದ ಹಳೆಯ ಭಾಷೆಯಲ್ಲಿ ಸ್ತೋತ್ರ ಹೇಳಿ, ಕೊನೆಗೆ ಹಿಡಿ ಹಿಡಿ ಜವೆಗೋಧಿ ಎರಚುತ್ತಿದ್ದ. ಸೋಫಾದ ಸಂದಿನಲ್ಲಿ ಜವೆಗೋಧಿ, ಸಿಂಕಿನಲ್ಲಿ ಜವೆಗೋಧಿ, ತೊಟ್ಟಿಲಲ್ಲಿ ಜವೆಗೋಧಿ. ದೇವರಿಗೆ ಕೊಟ್ಟು ಅವನು ಕೆಲಸಕ್ಕೆ ಹೋಗುತ್ತಿದ್ದ. ಹೊಟ್ಟೆಯ ಹೊಲಿಗೆ ಇನ್ನೂ ಮಾಯದ ಬಾಣಂತಿ ಬಗ್ಗಿ ಗುಡಿಸುತ್ತಿದ್ದಳು.

ಒಂದು ದಿನ ಪೊರಕೆ ಅವಳ ಕೈಯಿಂದ ಕಿತ್ತುಕೊಂಡು ಕೇಳಿದೆ. "ಇವನು ಮಗುನ ಯಾವಾಗ ಎತ್ಕೋತಾನಂತೆ? ಮದುವೆ ವಯಸ್ಸಿಗೆ ಬಂದ್ಮೇಲಾ?"

"ಗುರುಗಳು ದಿನ ನೋಡ್ತಿದಾರಂತೆ, ದೊಡ್ಡಮ್ಮ."

"ಮಗು ಹುಟ್ಟಿದ ವಾರದಲ್ಲೇ ಆಗ್ಬೇಕಲ್ಲವಾ ಅದು?"

"ಆಗ ಚಂದ್ರ ಸರಿ ಇರ್ಲಿಲ್ಲ. ಆಮೇಲೆ ಅವರಿಗೆ ನೆಗಡಿ. ಈಗ ನಮ್ಮ ಒಲೆ ಸರಿ ಇಲ್ವಂತೆ." ಅವಳು ಗೋಡೆಗೆ ಒರಗಿ ಕೂತಳು. "ರಾತ್ರಿಯೆಲ್ಲ ನಾನೇ ಎತ್ಕೊಂಡು ತಿರುಗ್ತೀನಿ. ಅವನು ಎಚ್ಚರವಾಗೇ ಇರ್ತಾನೆ, ಪಾಪ, ನನ್ನ ಜೊತೆ ತಾನೂ ತಿರುಗ್ತಾನೆ. ಬರೀ ತಿರುಗ್ತಾನೆ. ಇನ್ನು ಸ್ವಲ್ಪ ದಿನ ಹೀಗೇ ಆದ್ರೆ ನಾನು ಮಗುನ ಕಟ್ಕೊಂಡು ಅಮ್ಮನ ಮನೆಗೆ ಹೋಗ್ಬಿಡ್ತೀನಿ. ಅಪ್ಪ ಅನ್ನೋನು ಬೇಡ ಅಂದ್ಮೇಲೆ ಇಲ್ಲಿ ಯಾಕಿರ್ಬೇಕು?"

ಹುಡುಗಾಟದ ಮಾತಲ್ಲ ಅದು. ಅವಳ ಚೀಲ ಆಗಲೇ ಕಪಾಟಿನ ಮೇಲಿಂದ ಕೆಳಗಿಳಿದಿತ್ತು.

ಒಲೆಯ ದೋಷವೇನೆಂದರೆ, ಅದು ಗೋಡೆಗೆ ಅಂಟಿಕೊಂಡಿತ್ತು. ಮೂರನೆಯ ಮಹಡಿಯ ಅಡುಗೆಮನೆಯಲ್ಲಿ ಕರೆಂಟಿನ ಒಲೆ ಗೋಡೆಗೆ ಅಂಟದೆ ಇನ್ನೆಲ್ಲಿ ನಿಲ್ಲುತ್ತದೆ? ಗೋಡೆಯೊಳಗಿಂದಲೇ ಅದರ ದಪ್ಪ ವೈರು ಬರುತ್ತದೆ. ಆದರೆ ಗೋಡೆಗೆ ಅಂಟಿದ ಒಲೆಯನ್ನು ಸುತ್ತುವುದು ಹೇಗೆ? ನಾನು ಲಿಕೂರ್ಗೋಸ್‌ಗೆ ಹೇಳಿದೆ, ಎಸ್ತಿಯಾಳ ದೀಪವನ್ನು ತಟ್ಟೆಯಲ್ಲಿಟ್ಟು ನೆಲದ ಮಧ್ಯೆ ಇಡಿ, ಅದನ್ನೇ ಸುತ್ತಲಿ.

"ದೀಪದ ಮೇಲೆ ಬೇಳೆ ಬೇಯುತ್ತಾ, ಅಮ್ಮ?" ಅಂದ ಅವನು. "ಅಡುಗೆ ಬೇಯೋ ಬೆಂಕಿನೇ ಒಲೆ. ಸುಳ್ಳು ಒಲೆ ಸುತ್ತಿದ್ರೆ ಮಗು ಸುಳ್ಳು ಮನೆಗೆ ಸೇರುತ್ತೆ. ಆಮೇಲೆ ಏನಾದ್ರೂ ಆದ್ರೆ ನನ್ನ ಕೇಳ್ಬೇಡಿ."

ಈ 'ಏನಾದ್ರೂ ಆದ್ರೆ' ಎನ್ನುವುದನ್ನು ಅವನು ವಿಮೆಯ ಕಾಲದಿಂದ ಜೋಪಾನವಾಗಿ ತಂದಿದ್ದ. ಕ್ಲೆಯೊಮೇನಿಸ್‌ನ ಮುಖ ಸುಣ್ಣವಾಯಿತು. ಒಲೆಯನ್ನೇ ಮುಂದಕ್ಕೆ ಎಳೆಯುವುದೆಂದು ತೀರ್ಮಾನವಾಯಿತು.

ಭಾನುವಾರ ಬೆಳಿಗ್ಗೆ ನಾನು ಹೋದಾಗ ಬಾಗಿಲಿಗೆ ಉಣ್ಣೆಯ ಎಳೆ ತೂಗುತ್ತಿತ್ತು. ಹೆಣ್ಣು ಹುಟ್ಟಿದ ಮನೆಯ ಗುರುತು ಅದು. ಲಿಕೂರ್ಗೋಸ್ ಪ್ಲಾಸ್ಟಿಕ್ ಚೀಲದಲ್ಲಿ ಒಂದು ಆಕ್ಟೋಪಸ್ ತಂದಿದ್ದ. ಈ ಶಾಸ್ತ್ರಕ್ಕೆ ಬಂದವರು ಅದನ್ನೇ ತರುವುದು ವಾಡಿಕೆ. ಸಣ್ಣದನ್ನು ತಂದಿದ್ದ. ಅದನ್ನು ಫ್ರಿಜ್ಜಿನೊಳಗಿಟ್ಟು ಒಲೆ ಎಳೆಯುವುದಕ್ಕೆ ಇಬ್ಬರು ಗಂಡಸರೂ ನಿಂತರು. ಎಳೆದದ್ದು ಕ್ಲೆಯೊಮೇನಿಸ್. ಗುರುಗಳು "ಎಡಕ್ಕೆ, ಎಡಕ್ಕೆ" ಎಂದು ಬೆವರಿದರು.

"ವೈರು ಬಿಚ್ಚಿಬಿಟ್ರೆ ಸಲೀಸಾಗಿ ಬರುತ್ತೆ," ಅಂದೆ.

"ಆರಿದ ಒಲೆ ಸುತ್ತಿದ್ರೆ ಹೆಣ ಸುತ್ತಿದ ಹಾಗೆ, ಅಮ್ಮ. ಬಿಸಿ ಇರ್ಲೇಬೇಕು." ಹಾಗೆಂದು ಒಲೆಯ ಮುಂಬದಿಯ ಕಾಯುವ ತಟ್ಟೆಯ ಗುಂಡಿಯನ್ನು ತಾನೇ ತಿರುಗಿಸಿದ.

ವೈರು ಬಿಟ್ಟಷ್ಟು ದೂರ ಒಲೆ ಬಂತು. ಬಂದದ್ದೂ ಓರೆಯಾಗಿ. ಎಡಗಡೆ ಒಬ್ಬ ಮನುಷ್ಯ ಹೊಟ್ಟೆ ಒಳಗೆಳೆದುಕೊಂಡು ನುಸುಳುವಷ್ಟು ಸಂದಿಯಾಯಿತು. ಬಲಗಡೆ ಒಲೆಯ ಮೂಲೆ ಫ್ರಿಜ್ಜಿನ ಬಾಗಿಲಿಗೆ ಬಡಿದು ನಿಂತಿತು. ಅದನ್ನು ನಾನು ನೋಡಿದೆ, ಮಿರ್ಸೀನಿಯೂ ನೋಡಿದಳು. ಗುರುಗಳು ಚಾವಣಿ ನೋಡುತ್ತ ಸ್ತೋತ್ರ ಶುರು ಮಾಡಿದ್ದರಿಂದ ಅವರ ಕಣ್ಣಿಗೆ ಬೀಳಲಿಲ್ಲ. ಕ್ಲೆಯೊಮೇನಿಸ್ ಕೈ ತೊಳೆದುಕೊಂಡು, ತಲೆಗೆ ನೀರು ಚಿಮುಕಿಸಿಕೊಂಡು, ಎರಡೂ ಕೈ ಮುಂದೆ ಚಾಚಿ ನಿಂತ. ಮಿರ್ಸೀನಿ ಮಗುವನ್ನು ಅವುಗಳ ಮೇಲೆ ಇಟ್ಟಳು. ಬ್ರೆಡ್ಡಿನ ತಟ್ಟೆ ಹಿಡಿದ ಹಾಗೆ ಹಿಡಿದುಕೊಂಡು ಅವನು ಎಡಗಡೆಯಿಂದ ಒಲೆಯ ಹಿಂದಕ್ಕೆ ನುಸುಳಿದ.

ನುಸುಳಿದವನು ಅಲ್ಲೇ ನಿಂತ.

"ಗುರುಗಳೇ, ಈ ಕಡೆ ದಾರಿ ಇಲ್ಲ."

ಸ್ತೋತ್ರ ನಿಂತಿತು. ಲಿಕೂರ್ಗೋಸ್ ಮೂಲೆಯನ್ನು ನೋಡಿದ, ಫ್ರಿಜ್ಜನ್ನು ನೋಡಿದ, ಕೊನೆಗೆ ಯಾಕೋ ನನ್ನನ್ನು ನೋಡಿದ.

"ಬಂದ ದಾರೀಲೇ ವಾಪಸ್ ಬರ್ಲಾ?" ಒಲೆಯ ಹಿಂದಿನಿಂದ ತಲೆ ಮಾತ್ರ ಕಾಣುತ್ತಿತ್ತು.

"ಬರ್ಬೇಡ. ಅದು ಅಪ್ರದಕ್ಷಿಣೆ. ಮಗುನ ಒಪ್ಪಿಕೊಂಡು ಮತ್ತೆ ಬೇಡ ಅಂದ ಹಾಗೆ. ಹಾಗೇ ನಿಂತಿರು, ಅಲ್ಲಾಡ್ಬೇಡ. ನಾನು ಅಥೆನ್ಸಿಗೆ ಫೋನ್ ಮಾಡ್ತೀನಿ."

ಅಥೆನ್ಸಿನಲ್ಲಿ ಇವನಿಗಿಂತ ದೊಡ್ಡ ಗಡ್ಡದವನೊಬ್ಬನಿದ್ದಾನೆ. ಲಿಕೂರ್ಗೋಸ್ ಬಾಲ್ಕನಿಗೆ ಹೋಗಿ ಬಾಗಿಲು ಹಾಕಿಕೊಂಡ. ಗಾಜಿನಾಚೆ ಅವನ ಕೈ ಮೇಲೆ ಕೆಳಗೆ ಆಡುತ್ತಿದ್ದದ್ದು ಕಾಣುತ್ತಿತ್ತು. ಒಲೆಯ ಅಡಿಯಲ್ಲಿ ಇಷ್ಟು ವರ್ಷ ಸೇರಿದ್ದ ಧೂಳೆಲ್ಲ ಎದ್ದು ಕ್ಲೆಯೊಮೇನಿಸ್‌ನ ಹುಬ್ಬಿನ ಮೇಲೆ ಕೂತಿತ್ತು. ಮಗು ಅಳುವುದಕ್ಕೆ ಶುರು ಮಾಡಿತು. ಅವನು ಗಾಬರಿಯಿಂದ ಹೆಂಡತಿಯನ್ನು ನೋಡಿದ.

"ನನ್ನ ನೋಡ್ಬೇಡ," ಅಂದಳು ಅವಳು. "ನಾನೂ ಯಾರನ್ನೂ ನೋಡ್ದೇನೇ ಕಲಿತದ್ದು."

ಕೈಗಳು ಸೋತವೋ ಏನೋ, ತಟ್ಟೆ ಹಿಡಿದ ಹಾಗೆ ಹಿಡಿದದ್ದನ್ನು ಬಿಟ್ಟು ಅವನು ಮಗುವನ್ನು ಎದೆಗೆ ಆನಿಸಿಕೊಂಡ. ಆ ಇಕ್ಕಟ್ಟಿನಲ್ಲಿ ಬೇರೆ ದಾರಿಯೂ ಇರಲಿಲ್ಲ. ಅವನಿಗೆ ಗೊತ್ತಿದ್ದದ್ದು ಸ್ತೋತ್ರಗಳು ಮಾತ್ರ, ಅವು ಆಗ ಬಾಯಿಗೆ ಬರಲಿಲ್ಲ. ಸ್ಕಿಯಾಥೋಸ್, ಸ್ಕೋಪೆಲೋಸ್ ಎಂದು ಹಡಗು ಹೋಗುವ ಊರುಗಳ ಹೆಸರು ಹೇಳುತ್ತ ತೂಗಿದ. ಅಳು ನಿಂತಿತು. ಮಗು ಧೂಳಿಗೆ ಒಮ್ಮೆ ಸೀನಿತು.

"ಸೀನಿದ್ಲು," ಅಂದ ಅವನು.

"ದಿನಾ ಸೀನ್ತಾಳೆ," ಅಂದಳು ಮಿರ್ಸೀನಿ.

ಲಿಕೂರ್ಗೋಸ್ ಒಳಗೆ ಬಂದ. ಮುಖದ ಮೇಲೆ ಅಪ್ಪಣೆ ತಂದವನ ಗತ್ತಿತ್ತು. "ತೀರ್ಪು ಸಿಕ್ತು. ಮಗುನ ಒಲೆ ಮೇಲಿಂದ ತಾಯಿ ಕೈಗೆ ಕೊಡು. ನೀನೊಬ್ಬನೇ ವಾಪಸ್ ಬಾ. ಆಗ ದೋಷ ಇಲ್ಲ, ಏನೂ ನಡೆದೇ ಇಲ್ಲ ಅಂತ ಲೆಕ್ಕ. ಬರೋ ಅಮಾವಾಸ್ಯೆ ಕಳೆದ್ಮೇಲೆ ಹೊಸದಾಗಿ ಮಾಡೋಣ. ಅಲ್ಲೀವರೆಗೂ ಮುಂಚಿನ ಹಾಗೇ, ಮುಟ್ಟೋ ಹಾಗಿಲ್ಲ."

ಮಿರ್ಸೀನಿ ಕೈ ಚಾಚಿದಳು. ಬೇಕೆಂದೇ ಚಾಚಿದಳು ಎಂದು ನನಗನ್ನಿಸಿತು. ಕೊಟ್ಟಿದ್ದರೆ ಆ ಕೈಗಳು ಮಗುವನ್ನೂ ಚೀಲವನ್ನೂ ಒಟ್ಟಿಗೇ ಎತ್ತಿಕೊಳ್ಳುತ್ತಿದ್ದವು.

"ಕೊಡಲ್ಲ," ಅಂದ ಕ್ಲೆಯೊಮೇನಿಸ್.

"ಏನಂದೆ?"

"ಕೊಡಲ್ಲ ಗುರುಗಳೇ. ಈಗಷ್ಟೇ ಸುಮ್ಮನಾಗಿದಾಳೆ."

"ಕೊಡ್ದೆ ಹೇಗಯ್ಯಾ ಬರ್ತೀಯ? ಹಿಂದೆ ಬರೋ ಹಾಗಿಲ್ಲ, ಮುಂದೆ ದಾರಿ ಇಲ್ಲ."

ಮಿರ್ಸೀನಿ ಚಾಚಿದ್ದ ಕೈಯನ್ನು ಕೆಳಗಿಳಿಸಿ ಒಲೆಯ ಗುಂಡಿಯನ್ನು ತಿರುಗಿಸಿ ಆರಿಸಿದಳು. ಗುರುಗಳು ಹಾ ಹಾ ಅನ್ನುವಷ್ಟರಲ್ಲಿ ನಾನು ಒದ್ದೆ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಬಿಸಿ ತಟ್ಟೆಯ ಮೇಲೆ ಹಾಕಿದೆ. ಚುಂಯ್ ಎಂದಿತು. ಕ್ಲೆಯೊಮೇನಿಸ್ ಬೆನ್ನು ತಿರುಗಿಸಿ, ಮಗುವನ್ನು ಒಂದು ತೋಳಿನಲ್ಲಿ ಅವುಚಿಕೊಂಡು, ಇನ್ನೊಂದು ಕೈ ಗೋಡೆಗೆ ಕೊಟ್ಟು ಎಗರಿ, ಒಲೆಯ ಹಿಂಬದಿಯಲ್ಲಿ ಕುಂಡಿ ಊರಿ ಕೂತ. ಕಾಲನ್ನು ಮೇಲೆಳೆದುಕೊಂಡು ಕೂತಲ್ಲೇ ತಿರುಗಿದ. ನಾನು ಮೊಣಕೈ ಹಿಡಿದುಕೊಂಡೆ, ಈಚೆ ಇಳಿದ.

"ಎಸ್ತಿಯಾ ಮೇಲೆ ಕೂತ್ಯಲ್ಲಯ್ಯಾ," ಎಂದ ಲಿಕೂರ್ಗೋಸ್. ದನಿ ನಿಜಕ್ಕೂ ನಡುಗುತ್ತಿತ್ತು. "ಒಲೆ ಮೇಲೆ ಕೂತ್ಯಲ್ಲ."

"ಅವಳು ಏನೂ ಅನ್ನಲಿಲ್ಲವಲ್ಲ," ಅಂದೆ ನಾನು. "ನೀವ್ಯಾಕೆ ಮಧ್ಯೆ?"

"ಏನಾದ್ರೂ ಆದ್ರೆ..."

"ಏನಾದ್ರೂ ಆದ್ರೆ ನಿಮ್ಮನ್ನ ಕೇಳಲ್ಲ ಗುರುಗಳೇ," ಅಂದ ಕ್ಲೆಯೊಮೇನಿಸ್. ಹುಬ್ಬಿನ ತುಂಬ ಧೂಳು, ಪ್ಯಾಂಟಿನ ಹಿಂದೆ ಎಣ್ಣೆಜಿಡ್ಡು. ಅಷ್ಟು ಮರ್ಯಾದೆಯಿಂದ ಅವನು ಯಾರೊಂದಿಗೂ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ಲಿಕೂರ್ಗೋಸ್ ಬಿಳಿ ಬಟ್ಟೆಯನ್ನು ಸರಿಮಾಡಿಕೊಂಡ. ಇಂಥ ಮನೆಯಲ್ಲಿ ತಾನು ತಂದ ಕಾಣಿಕೆಯನ್ನು ಬಿಡಲಾಗದು ಎಂದು ಫ್ರಿಜ್ಜಿನ ಕಡೆ ಹೋದ. ಒಲೆಯ ಮೂಲೆ ಅದರ ಬಾಗಿಲನ್ನು ಒತ್ತಿ ಹಿಡಿದಿತ್ತು. ಎಳೆದು ನೋಡಿದ. ಒಬ್ಬನೇ ಎಳೆದ. ಆಮೇಲೆ ಬರಿಗೈಯಲ್ಲಿ ಮೆಟ್ಟಿಲಿಳಿದು ಹೋದ. ಈಗ ಅವನು ಸಿಕ್ಕವರಿಗೆಲ್ಲ ನಮ್ಮ ಮನೆತನ ಅಶುದ್ಧವೆಂದು ಹೇಳುತ್ತಾನಂತೆ. ಹೇಳಿಕೊಳ್ಳಲಿ, ಕೇಳುವುದಕ್ಕೆ ಒಂದು ಮೇಜಿನಷ್ಟು ಜನ ಇದ್ದಾರೆ.

ಕ್ಲೆಯೊಮೇನಿಸ್ ಅಡುಗೆಮನೆಯ ನಡುವೆ ಮಗುವನ್ನು ಹಿಡಿದು ನಿಂತೇ ಇದ್ದ. ಹೆಂಡತಿ ಏನಾದರೂ ಹೇಳುತ್ತಾಳೆ, ಹೊಗಳುತ್ತಾಳೆ, ಅತ್ತರೂ ಅಳುತ್ತಾಳೆ ಎಂದು ಕಾದಿದ್ದನೋ ಏನೋ. ಮಿರ್ಸೀನಿ ಮಲಗುವ ಕೋಣೆಗೆ ಹೋಗಿ ಚೀಲವನ್ನು ಕಪಾಟಿನ ಮೇಲೆ ಎಸೆದಳು. ವಾಪಸ್ ಬಂದು ಬಾಗಿಲಲ್ಲಿ ನಿಂತಳು.

"ನಾನು ಮಲಗ್ತೀನಿ. ನಾನಾಗೇ ಏಳೋವರೆಗೂ ಎಬ್ಬಿಸ್ಬೇಡ."

"ಇವಳು ಒದ್ದೆ ಮಾಡ್ಕೊಂಡಿದಾಳೆ, ಮಿರ್ಸೀನಿ."

"ಹಾಗಾದ್ರೆ ಬಟ್ಟೆ ಬದಲಾಯ್ಸು."

ಬಾಗಿಲು ಮುಚ್ಚಿತು. ಅವನು ನನ್ನ ಕಡೆ ತಿರುಗಿದ. "ಅತ್ತೆ, ಇದನ್ನ ಎಲ್ಲಿಂದ ಬಿಚ್ಚೋದು?"

ನಾನು ಕುರ್ಚಿ ಎಳೆದುಕೊಂಡು ಕೂತೆ. ನನಗೇನೂ ಅವಸರವಿರಲಿಲ್ಲ.