ಮಿಸ್ ಎವ್ಲಿನ್ ಮಾಡಿದ ಹುರಳಿಕಾಯಿ

ನಮ್ಮ ಮನೆಯವರು ಸುಳ್ಳು ಹೇಳೋ ಜನ ಅಲ್ಲ. ಒಳ್ಳೆಯವರು ಅಂತಲ್ಲ, ಸುಳ್ಳಿಗೆ ಬೇಕಾದ ಚುರುಕುತನ ಅವರಿಗಿಲ್ಲ. ಅದಕ್ಕೇ ತೀರ್ಪು ಬಂದ ಸಂಜೆ ಕೋರ್ಟಿಂದ ಮನೆಗೆ ಬಂದು, ಬಗ್ಗಿ ಶೂ ಬಿಚ್ಚುತ್ತಾ, "ಎವಿಡೆನ್ಸ್ ಸಾಲಲಿಲ್ಲ ಅಲಮೇಲು" ಅಂತ ನೆಲಕ್ಕೆ ಹೇಳಿದಾಗ ನನಗೆ ಅನುಮಾನ ಶುರುವಾಯ್ತು. ಇವರ ಜೊತೆ ಇಷ್ಟು ವರ್ಷ ಸಂಸಾರ ಮಾಡಿದೀನಿ. ಈ ಮನುಷ್ಯ ನನ್ನ ಮುಖ ನೋಡದೆ ಮಾತಾಡೋದು ಎರಡೇ ಸಂದರ್ಭದಲ್ಲಿ. ಒಂದು, ಹಾಲು ಉಕ್ಕಿಸಿದಾಗ. ಇನ್ನೊಂದು, ಮೈಸೂರಿಂದ ಅವರ ತಂಗಿ ಫೋನ್ ಮಾಡಿ ಏನಾದ್ರೂ ಕೇಳಿದಾಗ.

ಅವತ್ತು ಹಾಲೂ ಉಕ್ಕಿರಲಿಲ್ಲ, ಫೋನೂ ಬಂದಿರಲಿಲ್ಲ.

1996ರ ಆ ವಸಂತದಲ್ಲಿ ಅಮೆರಿಕದ ಈ ಷಾರ್ಲೆಟ್ ಊರಲ್ಲಿ ಬೇರೆ ಮಾತೇ ಇರಲಿಲ್ಲ. ವೇಡ್ ಟಾಲಿವರ್ ಅಂತ ಒಬ್ಬ ಹಳೇ ಕಾರು ಮಾರೋನು. ದಿನಾ ಸಂಜೆ ಟಿವಿ ಜಾಹೀರಾತಲ್ಲಿ ದೊಡ್ಡ ಹ್ಯಾಟ್ ಹಾಕ್ಕೊಂಡು ಬಂದು ಕಾರಿನ ಬೆನ್ನು ತಟ್ಟಿ ನಗ್ತಿದ್ದ, ಹಾಗಾಗಿ ಊರಿಗೆಲ್ಲ ಪರಿಚಯದ ಮುಖ. ಹಿಂದಿನ ವರ್ಷ ಒಂದು ದಿನ ಅಂಗಡಿ ಮುಚ್ಚಿದ ಮೇಲೆ ಟೆರೆನ್ಸ್ ಅನ್ನೋ ಹತ್ತೊಂಬತ್ತು ವರ್ಷದ ಬ್ಲ್ಯಾಕ್ ಹುಡುಗ, ತಾನು ಮನಸ್ಸಲ್ಲಿ ಗೊತ್ತುಮಾಡಿಕೊಂಡಿದ್ದ ಕಾರನ್ನ ಇನ್ನೊಂದ್ಸಲ ನೋಡೋಣ ಅಂತ ಒಳಗೆ ಹೋಗಿದ್ದಾನೆ. ಕೈಯಲ್ಲಿ ಟಾರ್ಚ್ ಇತ್ತು. ಪಿಸ್ತೂಲು ಅಂದುಕೊಂಡೆ, ಜೀವಭಯ ಆಯ್ತು, ಹೊಡೆದೆ ಅಂದ ವೇಡ್. ಗುಂಡು ಬಿದ್ದಿದ್ದು ಮಾತ್ರ ಹುಡುಗನ ಬೆನ್ನಿಗೆ.

ಆ ಕೇಸಿನ ಜ್ಯೂರಿಯಲ್ಲಿ ಹನ್ನೊಂದು ಜನ ಬಿಳಿಯರು. ಹನ್ನೆರಡನೆಯವರು ನಮ್ಮ ಮನೆಯವರು, ಪವರ್ ಕಂಪನಿ ಎಂಜಿನಿಯರ್ ಬದರಿನಾಥ, ಮೈಸೂರು ಲಕ್ಷ್ಮೀಪುರಂ. ಸಿಟಿಜನ್ ಆದ ಮೇಲೆ ಬಂದ ಮೊದಲ ಜ್ಯೂರಿ ಡ್ಯೂಟಿ ಅಂತ ಹೊಸ ಟೈ ಬೇರೆ ಕಟ್ಟಿಕೊಂಡು ಹೋಗಿದ್ರು. ಇಲ್ಲಿಯ ಪದ್ಧತಿ ಏನಪ್ಪಾ ಅಂದ್ರೆ, ಹನ್ನೆರಡೂ ಜನ ಒಂದೇ ಮಾತು ಹೇಳಬೇಕು. ಒಬ್ಬರು ಒಪ್ಪದಿದ್ರೂ ಆ ವಿಚಾರಣೆ ಬಿದ್ದುಹೋಗುತ್ತೆ, ಸರ್ಕಾರದವರು ಬೇರೆ ಜ್ಯೂರಿ ಕೂರಿಸಿ ಮತ್ತೆ ಶುರುಮಾಡಬಹುದು. ಆದರೆ ಒಂದ್ಸಲ ಎಲ್ಲರೂ ನಾಟ್ ಗಿಲ್ಟಿ ಅಂದುಬಿಟ್ರೆ ಮುಗೀತು. ಆ ಕೊಲೆಗೆ ಆ ಮನುಷ್ಯನನ್ನ ಇನ್ನು ಯಾವತ್ತೂ ಕಟಕಟೆ ಹತ್ತಿಸೋ ಹಾಗಿಲ್ಲ.

ಎಲ್ಲರೂ ನಾಟ್ ಗಿಲ್ಟಿ ಅಂದಿದ್ರು.

ಕೋರ್ಟಿನ ಮುಂದೆ ಸಾವಿರಾರು ಜನ ಸೇರಿದ್ರು. ಟೆರೆನ್ಸ್‌ನ ಫೋಟೋ ಹಿಡಿದುಕೊಂಡು ಟಾರ್ಚ್ ಬೆಳಗಿಸಿಕೊಂಡು ನಿಂತಿದ್ರು. ಯಾವ ಚಾನೆಲ್ ಹಾಕಿದ್ರೂ ಅದೇ. ಪೇಪರಿನವರು ಜ್ಯೂರಿಯವರ ಹೆಸರು ಹಾಕಲಿಲ್ಲ, "ಭಾರತ ಮೂಲದ ಒಬ್ಬ ಎಂಜಿನಿಯರ್" ಅಂತ ಮಾತ್ರ ಹಾಕಿದ್ರು. ಪವರ್ ಕಂಪನಿಯಲ್ಲಿ ಎರಡು ವಾರ ರಜ ಹಾಕಿದ ಭಾರತ ಮೂಲದ ಎಂಜಿನಿಯರ್ ಯಾರು ಅಂತ ಗೊತ್ತಾಗೋಕೆ ಹೆಸರು ಬೇರೆ ಬೇಕಾ?

ಕನ್ನಡ ಕೂಟದ ಯುಗಾದಿ ಅದೇ ವಾರ ಬಂತು. ನಾವು ಕೂತ ಟೇಬಲ್ಲಿಗೆ ಯಾರೂ ಬರಲಿಲ್ಲ. ಕೊನೆಗೆ ಗೋಪಿನಾಥ ಅಂತ, ಬ್ಯಾಂಕಿನಲ್ಲಿ ಕಂಪ್ಯೂಟರ್ ಕೆಲಸ ಮಾಡೋನು, ಹೋಳಿಗೆ ತಟ್ಟೆ ಹಿಡ್ಕೊಂಡು ಬಂದು, "ಏನ್ ಸಾರ್, ಹೊಸ ಕಾರ್ ಯಾವಾಗ ಡೆಲಿವರಿ?" ಅಂದ. ಸುತ್ತ ಇದ್ದವರೆಲ್ಲ ನಕ್ಕರು. ಇವರೂ ಹಲ್ಲು ಕಿರಿದರು. ನಾನು, "ಗೋಪಿನಾಥ್, ಹೋಳಿಗೆ ಗಂಟಲಿಗೆ ಸಿಕ್ಕೊಳುತ್ತೆ, ಮುಚ್ಕೊಂಡು ತಿನ್ನಿ" ಅಂದೆ. ಹಾಗಂದೆ ಸರಿ. ಮಾರನೇ ದಿನ ಬೆಳಗ್ಗೆ ಇವರು ಸ್ನಾನಕ್ಕೆ ಹೋದಾಗ ನಾನೇ ನಮ್ಮ ಕಾರಿನ ಡ್ಯಾಶ್‌ಬೋರ್ಡ್ ಗೂಡು, ಡಿಕ್ಕಿ ಎಲ್ಲ ತಡಕಿ ನೋಡಿದೆ. ಏನು ಹುಡುಕ್ತಿದೀನಿ ಅಂತ ನನಗೇ ಗೊತ್ತಿರಲಿಲ್ಲ. ಒಂದು ಹಳೇ ಕೊಡೆ ಸಿಕ್ತು.

ಇದೆಲ್ಲ ಸಹಿಸಿಕೊಳ್ತಿದ್ದೆ. ಸಹಿಸೋಕಾಗದೆ ಇದ್ದಿದ್ದು ಲೊರೇನ್ ವಿಷಯ.

ನಾನೂ ಲೊರೇನೂ ಕೌಂಟಿ ಲೈಬ್ರರಿಯಲ್ಲಿ ಒಂದೇ ಕೌಂಟರಲ್ಲಿ ಕೆಲಸ ಮಾಡೋರು. ಅವಳೂ ಬ್ಲ್ಯಾಕ್. ಮಧ್ಯಾಹ್ನದ ಊಟ ದಿನಾ ಜೊತೆಗೆ. ನನ್ನ ಚಪಾತಿ ಪಲ್ಯ ಅವಳಿಗೆ, ಅವಳು ತರೋ ಬೇಯಿಸಿದ ಕಡಲೆಕಾಯಿ ನನಗೆ. ಥೇಟ್ ನಮ್ಮೂರಿನ ಹಾಗೇ. ಅಲಮೇಲು ಅನ್ನೋಕೆ ನಾಲಿಗೆ ಹೊರಳದೆ ನನ್ನನ್ನ ಆಲಿ ಅಂತ ಕರೆಯೋಳು. ಈ ದೇಶದಲ್ಲಿ ನನಗೆ ಅಂತ ಒಬ್ಬಳು ಗೆಳತಿ ಇದ್ದಿದ್ರೆ ಅವಳೇ. ತೀರ್ಪು ಬಂದ ಮೇಲೆ ಅವಳು ಊಟದ ಹೊತ್ತಿಗೆ ಬ್ಯಾಗ್ ತೊಗೊಂಡು ಪಾರ್ಕಿಂಗ್ ಲಾಟಿಗೆ ಹೋಗಿ, ಕಾರಲ್ಲಿ ಒಬ್ಬಳೇ ಕೂತು ತಿನ್ನೋಕೆ ಶುರುಮಾಡಿದಳು.

ಒಂದು ದಿನ ನಾನೇ ಹೋಗಿ ಕಾರಿನ ಕಿಟಕಿ ತಟ್ಟಿದೆ. ಗಾಜು ಅರ್ಧ ಇಳಿಸಿದಳು.

"ಟೆರೆನ್ಸ್‌ನ ಅಮ್ಮ ನಮ್ಮ ಚರ್ಚಿನೋಳು, ಆಲಿ. ನಿನ್ನ ಗಂಡ ಜ್ಯೂರಿಯಲ್ಲಿದ್ದ, ಅದಕ್ಕೇ ನಿನಗೆ ಇದನ್ನ ಮೊದಲೇ ಹೇಳಲಿಲ್ಲ. ಹೇಳಬಾರದು ಅಂತ ಗೊತ್ತು." ಅವಳ ದನಿ ಏರಲೇ ಇಲ್ಲ. "ಆ ಹನ್ನೊಂದು ಜನದ್ದು ಬಿಡು. ಅವನದ್ದು ಮಾತ್ರ ಕೇಳ್ತೀನಿ. ವೇಡ್ ಹೇಳಿದ್ದನ್ನ ನಂಬಿ ಕೈ ಎತ್ತಿದನಾ? ನಂಬಿ ಎತ್ತಿದ್ರೆ ಅವನು ದಡ್ಡ. ದಡ್ಡನ ಹೆಂಡತಿ ಜೊತೆ ನಾನು ಊಟ ಮಾಡಬಲ್ಲೆ. ನಂಬದೆ ಎತ್ತಿದ್ರೆ ನನಗದು ಗೊತ್ತಾಗಬೇಕು. ಕೇಳಿ ಬಾ."

ಗಾಜು ಏರಿಸಿದಳು.

ಮನೆಗೆ ಬಂದು ಕೇಳಿದೆ. "ಜ್ಯೂರಿ ರೂಮಿನ ವಿಷಯ ಹೊರಗೆ ಹೇಳೋ ಹಾಗಿಲ್ಲ" ಅಂದ್ರು.

"ತೀರ್ಪು ಆದ ಮೇಲೆ ಹೇಳಬಹುದು ಅಂತ ಜಡ್ಜೇ ಹೇಳಿದಾರೆ, ಟಿವಿಲಿ ಬಂತು. ನನ್ನ ಹತ್ರ ಕಾನೂನು ಮಾತಾಡಬೇಡಿ."

"ರೀಸನಬಲ್ ಡೌಟ್ ಇತ್ತು ಕಣೇ, ಅನುಮಾನ ಇದ್ರೆ ಬಿಡಬೇಕು."

"ಏನು ಡೌಟು? ಬೆನ್ನು ಯಾವ ಕಡೆ ಇರುತ್ತೆ ಅಂತಾನಾ?"

ಎದ್ದು ಹೋಗಿ ಗಿಡಕ್ಕೆ ನೀರು ಹಾಕಿದ್ರು. ಆಗಷ್ಟೇ ಮಳೆ ಬಂದು ನಿಂತಿತ್ತು. ಮಳೆ ನಿಂತ ಮೇಲೆ ಗಿಡಕ್ಕೆ ನೀರು ಹಾಕೋ ಗಂಡಸಿನ ಹೊಟ್ಟೆಯಲ್ಲಿ ಏನೋ ಇದೆ ಅಂತಲೇ ಅರ್ಥ. ನನ್ನ ಅನುಮಾನ ಬಲವಾಯ್ತು. ಯಾರಾದ್ರೂ ಹೆದರಿಸಿದ್ರಾ? ಆಫೀಸಲ್ಲಿ ಯಾರಾದ್ರೂ ಹೇಳಿಸಿದ್ರಾ? ಗೋಪಿನಾಥನ ಬಾಯಲ್ಲಿ ಬಂದದ್ದೇ ನಿಜಾನಾ? ಅಡುಗೆಮನೆ ಬೀರು ತೆಗೆದಾಗ ಇನ್ನೊಂದು ಹೊಳೀತು. ನನ್ನ ಮೂರು ಅಂತಸ್ತಿನ ಸ್ಟೀಲ್ ಡಬ್ಬಿ ಇಲ್ಲ.

ವಿಚಾರಣೆ ನಡೆದ ಅಷ್ಟೂ ದಿನ ಅದರಲ್ಲೇ ಊಟ ಕಟ್ಟಿ ಕಳಿಸಿದ್ದೆ. ಪುಳಿಯೋಗರೆ, ಮೊಸರನ್ನ, ಒಂದೊಂದು ದಿನ ಬಿಸಿಬೇಳೆಬಾತು. "ಹನ್ನೆರಡು ಜನ ಕೂತಿರ್ತೀರ, ಒಬ್ಬರೇ ತಿನ್ನಬೇಡಿ, ಎಲ್ಲರಿಗೂ ಒಂದೊಂದು ತುತ್ತು ಕೊಡಿ" ಅಂತ ಜಾಸ್ತೀನೇ ತುಂಬೋಳು ನಾನು. ಈಗ ಯೋಚಿಸಿದ್ರೆ, ಆ ಡಬ್ಬಿ ಯಾವತ್ತೂ ಖಾಲಿ ಬಂದಿರಲಿಲ್ಲ. ಒಂದು ದಿನ ಪೀಚ್ ಹಣ್ಣಿನ ಸಿಹಿ, ಒಂದು ದಿನ ಬೇಯಿಸಿದ ಗೆಣಸು. "ಯಾರೋ ಕೊಟ್ರು" ಅಂತಿದ್ರು.

"ಡಬ್ಬಿ ಎಲ್ರೀ?" ಅಂದೆ.

"ಮಿಸ್ ಎವ್ಲಿನ್ ಹತ್ರ ಇದೆ, ಜ್ಯೂರಿಯಲ್ಲಿ ನನ್ನ ಜೊತೆ ಇದ್ದವರು" ಅಂದ್ರು. ಅದನ್ನೂ ಮುಖ ನೋಡದೆ.

ಶನಿವಾರ ಮಿಸ್ ಎವ್ಲಿನ್ ತಾನೇ ಬಂದಳು. ಎಪ್ಪತ್ತು ದಾಟಿದ ಬಿಳಿ ಹೆಂಗಸು, ಗಂಡ ತೀರಿಕೊಂಡು ಎಷ್ಟೋ ಕಾಲ ಆಗಿದೆ, ಮುತ್ತಿನ ಸರ, ಇಸ್ತ್ರಿ ಮಾಡಿದ ಫ್ರಾಕು. ಒಂದು ಕೈಯಲ್ಲಿ ನನ್ನ ಡಬ್ಬಿ, ಫಳಫಳ ಅನ್ನೋ ಹಾಗೆ ತೊಳೆದದ್ದು. ಇನ್ನೊಂದು ಕೈಯಲ್ಲಿ ಮುಚ್ಚಳ ಹಾಕಿದ ಗಾಜಿನ ಪಾತ್ರೆ. ಹುರಳಿಕಾಯಿ ತಂದಿದೀನಿ ಅಂದಳು. "ಪಾತ್ರೆ ಖಾಲಿ ವಾಪಸ್ ಕೊಡೋದು ನಮ್ಮಲ್ಲಿ ಪದ್ಧತಿ ಇಲ್ಲಮ್ಮ" ಅಂದಳು. ನಮ್ಮಮ್ಮ ಮೈಸೂರಲ್ಲಿ ದಿನಾ ಹೇಳ್ತಿದ್ದ ಮಾತು ಅದು. ನನಗೆ ಅವಳು ಇಷ್ಟ ಆದಳು, ಅದಕ್ಕೆ ಇನ್ನೂ ಸಿಟ್ಟು ಬಂತು. ಇವರು ಗ್ಯಾರೇಜಲ್ಲಿ ಕೆಲಸ ಇದೆ ಅಂತ ಎದ್ದರು. "ಕೂತ್ಕೊಳಿ" ಅಂದೆ ಕನ್ನಡದಲ್ಲಿ. ಕೂತರು.

ಕಾಫಿ ಕೊಟ್ಟು, ನಗುನಗುತ್ತಾ ಕೇಳಿದೆ. "ನಮ್ಮ ಯಜಮಾನರು ನಿಮಗೆಲ್ಲ ತುಂಬಾ ತೊಂದರೆ ಕೊಟ್ರಾ?"

"ಅಯ್ಯೋ, ಮೊದಮೊದಲು ಎಂಥ ಹಟಮಾರಿ ಅಂತೀಯ" ಅಂತ ಮಿಸ್ ಎವ್ಲಿನ್ ಅವರ ಕಡೆ ನೋಡಿ ಅಕ್ಕರೆಯಿಂದ ನಕ್ಕಳು. "ಉಳಿದವರೆಲ್ಲ ಒಬ್ಬೊಬ್ಬರೇ ನಮ್ಮ ಕಡೆ ಬಂದ್ರು, ಇವರೊಬ್ಬರೇ ಉಳಿದ್ರು. ಬೆನ್ನಿಗೆ ಯಾಕೆ ಬಿತ್ತು, ಬೆನ್ನಿಗೆ ಯಾಕೆ ಬಿತ್ತು, ಅದೊಂದೇ ಮಾತು. ಗಂಡಸರು ರೇಗಾಡಿದ್ರು. ನಾನೇ ಹೇಳಿದೆ, ಅವರನ್ನ ಬಿಡಿ, ಮೊದಲು ಊಟ ಮಾಡಲಿ ಅಂತ. ನಮ್ಮ ಕಡೆ ಹುರಳಿಕಾಯಿಗೆ ಹಂದಿಕೊಬ್ಬು ಹಾಕದೆ ಬೇಯಿಸೋದೇ ಇಲ್ಲ. ಇವರಿಗೋಸ್ಕರ ಬೇರೆ ಪಾತ್ರೆಯಲ್ಲಿ, ಕೊಬ್ಬು ಹಾಕದೆ ಮಾಡಿ ತಂದಿದ್ದೆ. ಮುಂದೆ ಇಟ್ಟೆ. ಪೂರ್ತಿ ತಿಂದ್ರು. ತಿಂದು ಕೈ ಒರೆಸಿಕೊಂಡು, ನಿಮ್ಮ ಮಾತೇ ಆಗಲಿ ಮಿಸ್ ಎವ್ಲಿನ್ ಅಂದ್ರು. ಎಂಥ ಜೆಂಟಲ್‌ಮನ್ ಸಿಕ್ಕಿದಾನೆ ನಿನಗೆ. ವೇಡ್‌ನ ಅಪ್ಪ ಅಮ್ಮ ನನಗೆ ಗೊತ್ತು, ಒಳ್ಳೇ ಜನ."

ಅವಳ ಮನಸ್ಸಲ್ಲಿ ಎಳ್ಳಷ್ಟೂ ಕಪಟ ಇರಲಿಲ್ಲ. ನಾನು ಅನುಮಾನಪಟ್ಟಿದ್ದು ಕಾರು, ಬೆದರಿಕೆ, ಆಫೀಸಿನ ಒತ್ತಡ. ಇದು ನನ್ನ ತಲೆಗೆ ಬಂದಿರಲೇ ಇಲ್ಲ. ಅವಳ ಕಾರು ತಿರುವು ದಾಟೋವರೆಗೂ ಬಾಗಿಲಲ್ಲಿ ನಿಂತಿದ್ದು ಒಳಗೆ ಬಂದೆ.

"ನೀವು ನಂಬಿದ್ರಾ?" ಅಂದೆ.

ಈ ಸಲ ಮುಖ ನೋಡಿದ್ರು. "ಇಲ್ಲ. ಅದು ಕೊಲೆ. ಅವತ್ತೂ ಕೊಲೆ, ಇವತ್ತೂ ಕೊಲೆ."

"ಮತ್ತೆ?"

"ಅಷ್ಟು ದಿನ ಅವರ ಕೈಯಡುಗೆ ಉಂಡಿದೀನಿ ಅಲಮೇಲು. ಉಂಡ ಮನೆಗೆ ಎರಡು ಬಗೀಬೇಡ ಅಂತ ಅಮ್ಮ ಹೇಳ್ತಿದ್ದದ್ದು ನಿನಗೆ ಗೊತ್ತಲ್ಲ. ಬೇರೆಯವರು ಕೂಗಾಡಿದಾಗ ನಾನು ಜಗ್ಗಲಿಲ್ಲ. ನನಗೋಸ್ಕರ ಬೇರೆ ಪಾತ್ರೆ ಇಟ್ಟು ಮಾಡಿದಾರೆ, ಆ ವಯಸ್ಸಿನವರು. ಆ ತಟ್ಟೆ ಮುಂದೆ ಕೂತು ನಿಮ್ಮ ಮಾತು ತಪ್ಪು ಅನ್ನೋಕೆ ಬಾಯಿ ಬರಲಿಲ್ಲ."

ಅವರ ಅಮ್ಮ ಯಾರ ಮನೆಯಲ್ಲೂ ಕೈ ತೊಳೆದವರಲ್ಲ, ನೀರು ಬೇಕಾದ್ರೂ ಮನೆಗೇ ಬಂದು ಕುಡಿಯೋರು. ಆ ತಾಯಿ ಯಾಕೆ ಹಾಗಿದ್ರು ಅಂತ ಅವತ್ತು ಅರ್ಥ ಆಯ್ತು. ಬೈಯೋಣ ಅಂತ ಬಾಯಿ ತೆಗೆದೆ, ಅಳು ಬಂತು. ಹುರಳಿಕಾಯಿಯನ್ನ ಹಿತ್ತಲ ಕಸದ ಡಬ್ಬಕ್ಕೆ ಸುರಿದು ಬಂದೆ. ಅನ್ನ ಚೆಲ್ಲಿದ ಪಾಪ ನನಗೇ ಇರಲಿ.

ಸೋಮವಾರ ಲೊರೇನ್ ಕಾರಿನ ಹತ್ರ ಹೋದೆ. ಬಾಗಿಲು ತೆಗೆದಳು. ಪಕ್ಕದಲ್ಲಿ ಕೂತು ಎಲ್ಲಾ ಹೇಳಿದೆ, ಏನೂ ಮುಚ್ಚಲಿಲ್ಲ. ನಂಬಿದ್ರು ಅಂತ ಒಂದು ಮಾತು ಹೇಳಿದ್ರೆ ಅವಳು ನನಗೆ ಉಳೀತಾ ಇದ್ದಳು, ಅದೂ ನನಗೆ ಗೊತ್ತಿತ್ತು. ಅವಳ ಮಡಿಲಲ್ಲಿ ಕಡಲೆಕಾಯಿ ಪೊಟ್ಟಣ ಬಿಚ್ಚಿದ ಹಾಗೇ ಇತ್ತು.

"ಟೆರೆನ್ಸ್‌ನ ಅಮ್ಮನಿಗೂ ಹಂದಿಕೊಬ್ಬು ಹಾಕದೆ ಹುರಳಿಕಾಯಿ ಬೇಯಿಸೋಕೆ ಬರುತ್ತೆ, ಆಲಿ" ಅಂದಳು. "ಎರಡು ವಾರವೂ ಕೋರ್ಟಲ್ಲಿ ನಿನ್ನ ಗಂಡನ ಎದುರಿಗೇ ಕೂತಿದ್ದಳು. ಜ್ಯೂರಿಯವರ ಜೊತೆ ಮಾತಾಡೋ ಹಾಗಿಲ್ಲ, ಒಂದು ಲೋಟ ನೀರು ಕೊಡೋ ಹಾಗಿಲ್ಲ. ಕೊಡೋ ಹಾಗಿದ್ದಿದ್ರೆ ಅವಳೂ ಮಾಡಿ ತರ್ತಿದ್ದಳು."

ಪೊಟ್ಟಣ ಮಡಚಿ ಬ್ಯಾಗಿಗೆ ಹಾಕಿಕೊಂಡಳು. ನನಗೆ ಕೊಡಲಿಲ್ಲ. ನಾನು ಕೇಳಲೂ ಇಲ್ಲ.

ಸಂಜೆ ಮನೆಗೆ ಬಂದು ಆ ಮಾತನ್ನ ಇವರಿಗೆ ಹಾಗ್ಹಾಗೇ ಹೇಳಿದೆ. ಒಂದಕ್ಷರ ಸೇರಿಸಲಿಲ್ಲ. ಇವರು ಕುರ್ಚಿಯಲ್ಲಿ ಕೂತು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ್ರು. ಸಮಾಧಾನ ಮಾಡೋ ಮನಸ್ಸು ನನಗೆ ಬರಲಿಲ್ಲ. ಆಮೇಲೆ ಎದ್ದು, ಮಿಸ್ ಎವ್ಲಿನ್‌ಗೆ ಹೇಳಿಬರ್ತೀನಿ ಅಂತ ಆ ಗಾಜಿನ ಪಾತ್ರೆ ಕೈಗೆತ್ತಿಕೊಂಡ್ರು. ನಾನು ತೊಳೆದು ಒರೆಸಿ ಇಟ್ಟಿದ್ದೆ.

"ಏನಾದ್ರೂ ಹಾಕಿಕೊಡು" ಅಂದ್ರು. ಅಭ್ಯಾಸಬಲ ನೋಡಿ.

"ಏನೂ ಹಾಕಲ್ಲ. ಖಾಲಿ ತೊಗೊಂಡು ಹೋಗಿ. ಯಾಕೆ ಖಾಲಿ ಅಂತ ಅವಳೇ ಕೇಳ್ತಾಳೆ, ಆಗ ಹೇಳೋಕೆ ಸುಲಭ ಆಗುತ್ತೆ."

ನಾನೇ ಡ್ರೈವ್ ಮಾಡಿದೆ. ಅವಳ ಮನೆ ಮುಂದೆ ಕಾರಲ್ಲೇ ಕೂತು ನೋಡ್ತಿದ್ದೆ. ಇವರು ಬೆಲ್ ಒತ್ತಿದ್ರು, ಅವಳು ನಗುತ್ತಾ ಬಾಗಿಲು ತೆಗೆದಳು, ಪಾತ್ರೆ ತೊಗೊಂಡು ಮುಚ್ಚಳ ಎತ್ತಿ ಒಳಗೆ ನೋಡಿದಳು. ಇವರು ಕೈ ಕಟ್ಟಿಕೊಂಡು ನಿಂತು ಮಾತಾಡಿದ್ರು, ಸ್ವಲ್ಪ ಜಾಸ್ತಿ ಹೊತ್ತೇ ಮಾತಾಡಿದ್ರು. ಅವಳು ಪಾತ್ರೆಯನ್ನ ಎದೆಗೆ ಒತ್ತಿ ಹಿಡಿದುಕೊಂಡು ಕೇಳಿದಳು. ಬಾಗಿಲು ಮೆಲ್ಲಗೆ ಹಾಕಿಕೊಂಡಳು.

ಇವರು ಬಂದು ಕೂತು ಸೀಟ್‌ಬೆಲ್ಟ್ ಹಾಕ್ಕೊಂಡ್ರು.

"ಹೇಳಿದ್ರಾ?"

"ಹೇಳಿದೆ. ಅದು ಕೊಲೆ ಅಂತ ಅವತ್ತೂ ಗೊತ್ತಿತ್ತು, ನಿಮ್ಮ ಮುಖ ನೋಡಿ ಕೈ ಎತ್ತಿದೆ, ನಾನು ಮಾಡಿದ್ದು ತಪ್ಪು ಅಂತ ಹೇಳಿದೆ."

"ಏನಂದಳು?"

"ಪಾತ್ರೆ ತೊಳೆದು ತಂದಿದ್ದಕ್ಕೆ ಥ್ಯಾಂಕ್ಸ್ ಅಂದ್ರು."