ಮೊದಲನೆಯ ಟ್ರೌಗೋಟ್

"ನಾಯಿಗೆ ಬೇಕಾದ್ರೂ ಆ ಹೆಸರಿಡು ಸಿಲ್ಕೆ, ಇವನ ಕೈಗೆ ಮಾತ್ರ ಮಗು ಕೊಡಬೇಡ," ಎಂದ ಎಬರ್‌ಹಾರ್ಡ್ ಚಿಕ್ಕಪ್ಪ. ಟ್ರೌಗೋಟ್‌ನ ಅಕ್ಕ ಸಿಲ್ಕೆಯ ಮಗುವಿನ ದೀಕ್ಷಾಸ್ನಾನಕ್ಕೆಂದು ಚರ್ಚಿನ ಮೆಟ್ಟಿಲ ಮೇಲೆ ನೆಂಟರೆಲ್ಲ ನಿಂತಿದ್ದರು. "ಹೆಸರು ನೋಡಿದ್ರೆ ಟ್ರೌಗೋಟ್, ದೇವರನ್ನ ನಂಬು ಅಂತ. ಈ ಮಹಾರಾಯ ಹೋದ ವರ್ಷವೇ ಸರ್ಕಾರಿ ಕಚೇರಿಗೆ ಹೋಗಿ, ನಂಗೂ ಚರ್ಚಿಗೂ ಸಂಬಂಧ ಇಲ್ಲ ಅಂತ ಸಹಿ ಹಾಕಿ ಬಂದಿದಾನೆ. ಬೆಳಿಗ್ಗೆ ಪಾದ್ರಿಗಳು ಪಟ್ಟಿ ನೋಡಿದಾಗ ಗೊತ್ತಾಯ್ತು."

ಯಾರೋ ಕಿಸಕ್ಕೆಂದರು. ಟ್ರೌಗೋಟ್‌ನ ಕಿವಿ ಸುಟ್ಟಿತು. ಸುಳ್ಳಾಗಿದ್ದರೆ ಜಗಳವಾದರೂ ಆಡಬಹುದಿತ್ತು.

ಅವನು ಸಹಿ ಹಾಕಿದ್ದು ತನ್ನದೇ ಹೆಸರಿನ ಅಪ್ಪನನ್ನು ಮಣ್ಣು ಮಾಡಿದ ಮರುದಿನ. ಯುರೇನಿಯಂ ಗಣಿಯ ಧೂಳು ಕುಡಿದು ಕುಡಿದು ಅಪ್ಪನ ಪುಪ್ಪುಸ ಕಲ್ಲಾಗಿತ್ತು. ಇದೇ ಪಾದ್ರಿ ಗುಂಡಿಯ ಮುಂದೆ ನಿಂತು, 'ಹೆಸರಿಗೆ ತಕ್ಕಂತೆ ಯಾರನ್ನೂ ದೂರದೆ ಹೋದ' ಎಂದು ಹೊಗಳಿದ್ದರು. ಗಣಿಯ ಬಗ್ಗೆ ಒಂದಕ್ಷರ ಎತ್ತಿರಲಿಲ್ಲ.

ಆದರೂ ಮಗುವನ್ನು ಹಿಡಿಯಲು ಅವನ ಕೈ ತುಡಿಯುತ್ತಿತ್ತು. ಸ್ಯಾಕ್ಸನಿಯ ಆ ಗುಡ್ಡದೂರಿನಲ್ಲಿ, ಅವರ ಮನೆತನದ ಕ್ರಮವೇ ಹಾಗೆ: ಬದುಕಿರುವ ಒಬ್ಬ ಟ್ರೌಗೋಟ್ ದೀಕ್ಷಾಸ್ನಾನದಲ್ಲಿ ಎತ್ತಿ ಹಿಡಿದರೇ ಮುಂದಿನವನಿಗೆ ಆ ಹೆಸರು. ಈಗ ಉಳಿದಿದ್ದವನು ಇವನೊಬ್ಬ. ಇವನು ಹಿಡಿಯದಿದ್ದರೆ ಅಪ್ಪನ ಹೆಸರು ಇಲ್ಲಿಗೆ ಮುಗಿಯಿತು.

ಪಾದ್ರಿ ಅವನನ್ನು ಪಕ್ಕದ ಕೋಣೆಗೆ ಕರೆದೊಯ್ದು ಕಾಗದವೊಂದನ್ನು ಮುಂದಿಟ್ಟರು. "ಚರ್ಚಿನವನಲ್ಲದವನು ಮಗು ಹಿಡಿಯೋ ಹಾಗಿಲ್ಲ. ಒಂದು ಸಹಿ ಮಗ, ವಾಪಸ್ ಸೇರ್ಕೊಂಡ ಹಾಗೆ. ಮನಸ್ಸು ಬರ್ತಿಲ್ವಾ? ಇಲ್ನೋಡು, ನಿಮ್ಮನೆಯ ಮೊದಲನೇ ಟ್ರೌಗೋಟ್ ಇಲ್ಲಿದಾನೆ." ಹಳೆಯ ದಾಖಲೆ ಪುಸ್ತಕ ಬಿಚ್ಚಿದರು.

ಆ ಕಥೆ ಅವನಿಗೆ ಬಾಯಿಪಾಠ. ಮುತ್ತಜ್ಜನ ಮುತ್ತಜ್ಜ ಬೆಳ್ಳಿ ಗಣಿ ಕುಸಿದು ಒಳಗೆ ಸಿಕ್ಕಿಬಿದ್ದ, ದೇವರನ್ನು ನಂಬಿ ಮೂರನೇ ದಿನ ಜೀವಂತ ಬಂದ, ಆ ವಾರ ಹುಟ್ಟಿದ ಮಗನಿಗೆ ಆ ಹೆಸರಿಟ್ಟ. ಪ್ರತಿ ಕ್ರಿಸ್‌ಮಸ್‌ಗೂ ಅಪ್ಪ ಹೇಳುತ್ತಿದ್ದ.

ಹಳೆಯ ಲಿಪಿ ಅವನಿಗೆ ಬಾರದು. ಪಾದ್ರಿಯೇ ಓದಿದರು: "'ತಂದೆ ಗಣಿಯೊಳಗೇ ಉಳಿದ. ಮೂರನೇ ದಿನ ಗಣಿ ಯಜಮಾನರ ಅಪ್ಪಣೆಯಂತೆ ಅಗೆಯುವುದನ್ನು ನಿಲ್ಲಿಸಲಾಯಿತು. ಐದನೇ ದಿನದವರೆಗೆ ಒಳಗಿನಿಂದ ಸುತ್ತಿಗೆಯ ಸದ್ದು ಕೇಳಿತೆಂದು ವಿಧವೆ ಹೇಳುತ್ತಾಳೆ. ಯಜಮಾನರೇ ಮಗುವನ್ನು ಎತ್ತಿ ಹಿಡಿದು, ಅವಳ ಸಮಾಧಾನಕ್ಕಾಗಿ...'" ದನಿ ಇಳಿಯಿತು. "'...ಈ ಹೆಸರನ್ನು ದಯಪಾಲಿಸಿದರು.'"

ಪಾದ್ರಿ ಪುಸ್ತಕ ಮುಚ್ಚಿದರು.

"ಅಗೆಯೋದು ನಿಲ್ಸಿದವನೇ ಹೆಸರಿಟ್ಟನಾ?"

"ಇನ್ನೂರು ವರ್ಷದ ಹಿಂದಿನ ಮಾತು ಮಗ. ಅರ್ಥ ಒಳ್ಳೇದೇ ತಾನೆ?"

"ಒಳ್ಳೇದು. ಇಟ್ಟವನಿಗೆ."

ಚಿಕ್ಕಪ್ಪ ಬಾಗಿಲಲ್ಲಿ ತಲೆ ಹಾಕಿದ. "ಆಯ್ತೇನೋ ಸಹಿ? ಬೆಚ್ಚಗೆ ಮಾಡಿದ ನೀರು ಆರಿಹೋಗ್ತಿದೆ."

ಟ್ರೌಗೋಟ್ ಪೆನ್ನನ್ನು ಕಾಗದದ ಪಕ್ಕದಲ್ಲೇ ಬಿಟ್ಟು ಹೊರಬಂದ. ಸಿಲ್ಕೆ ಮಗುವನ್ನೆತ್ತಿಕೊಂಡು ಅಡ್ಡ ನಿಂತಳು. ಅವಳ ಕಣ್ಣು ಆಗಲೇ ಕೆಂಪಾಗಿತ್ತು.

"ಅಪ್ಪನ ಹೆಸರು ಕಣೋ. ನೀನು ಹಿಡೀದಿದ್ರೆ ಇವನನ್ನ ಏನಂತ ಕರೀಲಿ?"

ಪುಸ್ತಕದಲ್ಲಿದ್ದುದನ್ನು ಹೇಳಿದರೆ ಅಪ್ಪ ಹೇಳಿದ ಕಥೆಯನ್ನೂ ಅವಳಿಂದ ಕಿತ್ತುಕೊಂಡ ಹಾಗೆ. ಮಗುವಿನ ಮುಖವನ್ನು ಒಂದು ಸಲ ನೋಡಿದ. ಅವಳ ಪಕ್ಕದಿಂದ ಸರಿದು ಮೆಟ್ಟಿಲಿಳಿದು ಹೊರಟುಹೋದ.